ಉಂಡು ಹೋದವರ ವರದಿ

ತಖಿಯ್ಯಾಳ ಬಾಯಿಗೆ ಹೆದರದವರು ದೈರ್ ಸುಲಾಮಿಯಲ್ಲಿ ಯಾರೂ ಇರಲಿಲ್ಲ. ಹಾಗಂತ ಅವಳನ್ನು ಬಿಟ್ಟು ಆ ಊರಲ್ಲಿ ಒಂದು ಹೆರಿಗೆಯೂ ಆಗುತ್ತಿರಲಿಲ್ಲ. ಊರಿನ ಅರ್ಧಕ್ಕರ್ಧ ಜನ ಈ ಲೋಕಕ್ಕೆ ಬಂದಿಳಿದದ್ದೇ ಅವಳ ಅಂಗೈ ಮೇಲೆ. ಹೊಕ್ಕುಳಬಳ್ಳಿ ಕತ್ತರಿಸಿದವಳು ನಾಲ್ಕು ಮಾತು ಬೈದರೆ ಬೈಯಲಿ ಬಿಡು ಎಂದು ಗಡ್ಡ ಬಿಟ್ಟ ಗಂಡಸರೂ ತಲೆ ತಗ್ಗಿಸಿ ಬೈಸಿಕೊಂಡು ಹೋಗುತ್ತಿದ್ದರು. ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರ ಬಾಯಲ್ಲೂ ಅವಳು ಖಾಲಾ, ಅಂದರೆ ಚಿಕ್ಕಮ್ಮ.

ಹದಿನಾಲ್ಕಕ್ಕೆ ಮಲ್ಲಿಗೆ ತೋಟದ ಊರಿಂದ ಮದುವೆಯಾಗಿ ಬಂದವಳು. ಗಂಡ ಮೀನು ಹಿಡಿಯುತ್ತಿದ್ದ. ಒಂದು ಸಲ ಸಮುದ್ರಕ್ಕೆ ಹೋದವನು ತಿರುಗಿ ಬರಲಿಲ್ಲ. ಹೆತ್ತದ್ದು ಐದು. ಎರಡು ಮಕ್ಕಳನ್ನು ಒಂದೇ ವಾರದಲ್ಲಿ ದಡಾರ ತಿಂದುಹಾಕಿತು. ಆ ಕತೆ ಅವಳು ಹೇಳುತ್ತಿದ್ದದ್ದು ಕಮ್ಮಿ. ಹೇಳಿದರೂ ಇಷ್ಟೇ: "ಮಗು ಹಗುರ ಆಗ್ತಾ ಇದೆ ಅಂತ ನನ್ ಕೈಗೆ ಗೊತ್ತಾಗ್ತಿತ್ತು ಕಣ್ರೇ, ತಲೆಗೆ ಗೊತ್ತಾಗ್ಲಿಲ್ಲ. ಅಳತೆ ಅಂತ ಒಂದಿದೆ ಅಂತ ಯಾರು ಹೇಳಿದ್ರು ನನಗೆ?"

ಅಳತೆ ಹೇಳಿಕೊಟ್ಟದ್ದು ಆಮೇಲೆ, ಯುದ್ಧ ಶುರುವಾದ ಮೇಲೆ. ಮಕ್ಕಳಿಗಾಗಿ ಕೆಲಸ ಮಾಡುವ ಒಂದು ಸಂಸ್ಥೆಯವರು ಬಂದು ಹಳೇ ಶಾಲೆಯ ಒಂದು ಕೋಣೆಗೆ ಸುಣ್ಣ ಬಳಿಸಿ, ತಕ್ಕಡಿ ತೂಗುಹಾಕಿ, ತಖಿಯ್ಯಾಳ ಕೈಗೆ ಒಂದು ಪಟ್ಟಿ ಕೊಟ್ಟರು. ಒಂದು ಗೇಣಿಗಿಂತ ಸ್ವಲ್ಪ ಉದ್ದದ ಪ್ಲಾಸ್ಟಿಕ್ ಪಟ್ಟಿ. ಮಗುವಿನ ಎಡ ತೋಳಿಗೆ ಸುತ್ತಿದರೆ ಹಸಿರು ಬರಬೇಕು. ಹಳದಿ ಬಂದರೆ ಮಗು ಜಾರುತ್ತಿದೆ ಅಂತ. ಕೆಂಪು ಬಂದರೆ, ಆಯಿತು, ಇನ್ನು ಓಡಬೇಕು. ಅಕ್ಷರ ಬಾರದ ತಖಿಯ್ಯಾ ಬಣ್ಣವನ್ನು ಒಂದೇ ದಿನದಲ್ಲಿ ಕಲಿತಳು. ಒಂದು ವರ್ಷ ಕಳೆಯುವಷ್ಟರಲ್ಲಿ ಅವಳಿಗೆ ಪಟ್ಟಿಯೂ ಬೇಡವಾಯಿತು. ದಾರಿಯಲ್ಲಿ ಎದುರಾದ ಮಗುವಿನ ತೋಳನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು, "ಏಯ್, ಇದು ಹಳದಿ! ನಾಳೆ ಕರ್ಕೊಂಡ್ ಬಾ, ಇಲ್ದಿದ್ರೆ ನಿನ್ ಮನೆ ಮುಂದೇನೇ ಬಂದು ಕೂಗಾಡ್ತೀನಿ" ಅನ್ನುತ್ತಿದ್ದಳು. ಕೂಗಾಡುತ್ತಿದ್ದಳು ಕೂಡ.

ಹಳದಿ, ಕೆಂಪು ಬಂದ ಮಕ್ಕಳಿಗೆ ಪೊಟ್ಟಣ. ಕಡಲೆಕಾಯಿ, ಹಾಲಿನ ಪುಡಿ, ಸಕ್ಕರೆ, ಎಣ್ಣೆ ಸೇರಿಸಿ ಅರೆದ ಮೆತ್ತನೆಯದು. ಮೂಲೆ ಹರಿದು ಮಗುವಿನ ಬಾಯಿಗೆ ಹಿಂಡಿದರೆ ಸಾಕು. ಕಷ್ಟ ಇದ್ದದ್ದು ಬೇರೆ ಕಡೆ. ನಮ್ಮ ಕಡೆ ಒಂದೇ ತಟ್ಟೆಗೆ ಎಲ್ಲರೂ ಕೈಹಾಕಿ ಉಣ್ಣುವುದು. ಆರು ಮಕ್ಕಳ ತಾಯಿ ಐದು ಮಕ್ಕಳ ಕಣ್ಣೆದುರಿಗೆ ಒಂದಕ್ಕೆ ಮಾತ್ರ ಹೇಗೆ ತಿನ್ನಿಸಿಯಾಳು? ಸಂಸ್ಥೆಯವರು "ಹಂಚಬೇಡಿ" ಅಂತ ಚಿತ್ರ ಬರೆಸಿ ಗೋಡೆಗೆ ಅಂಟಿಸಿದರು. ಚಿತ್ರ ಯಾರು ನೋಡುತ್ತಾರೆ! ತಖಿಯ್ಯಾ ಒಂದು ಉಪಾಯ ಮಾಡಿದಳು. ಗಟ್ಟಿಮುಟ್ಟಾದ ಮಕ್ಕಳನ್ನೆಲ್ಲ ಅಂಗಳದಲ್ಲಿ ಕೂರಿಸಿಕೊಂಡು, "ಇದು ಔಷಧಿ. ಕಾಯಿಲೆ ಇಲ್ದೋರು ತಿಂದ್ರೆ ಬಾಲ ಬರುತ್ತೆ" ಎಂದಳು. ಮಕ್ಕಳು ಎರಡು ದಿನ ಒಬ್ಬರ ಹಿಂದೆ ಒಬ್ಬರು ಬಾಗಿ ಬಾಗಿ ನೋಡಿದ್ದೇ ನೋಡಿದ್ದು. ಕದ್ದು ತಿಂದಿದ್ದವನೊಬ್ಬ ಗೋಡೆಗೆ ಬೆನ್ನು ಆನಿಸಿಕೊಂಡೇ ಓಡಾಡಿದ. ಊರೆಲ್ಲ ನಕ್ಕಿತು. ಪೊಟ್ಟಣ ಮಾತ್ರ ಸೇರಬೇಕಾದ ಬಾಯಿಗೇ ಸೇರಿತು.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಬರುತ್ತದೆ ಎಂದು ಹೆಂಗಸರಿಗೆ ಹೇಳಿದವನು ಮುನೀಫ್. ಸಂಸ್ಥೆಯ ಪರವಾಗಿ ಜಿಲ್ಲೆ ನೋಡಿಕೊಳ್ಳುತ್ತಿದ್ದ ಯುವಕ, ಓದಿದವನು, ಒಳ್ಳೆಯವನು, ಸ್ವಲ್ಪ ಪುಕ್ಕಲ. "ಸಮುದ್ರದ ಆಚೆ ಒಂದು ದೇಶ ಇದೆ ಖಾಲಾ. ಅಲ್ಲಿನ ಸರ್ಕಾರ ಕೊಡುತ್ತೆ. ಜನ ಕಟ್ಟೋ ತೆರಿಗೆಯಲ್ಲಿ ಒಂದು ಚಿಟಿಕೆ ಬೇರೆ ದೇಶದ ಮಕ್ಕಳಿಗೆ ಅಂತ ಎತ್ತಿಡ್ತಾರೆ." ಹೆಂಗಸರಿಗೆ ಆಶ್ಚರ್ಯ. ಗೊತ್ತಿಲ್ಲದ ಮಕ್ಕಳಿಗೆ ಯಾರಾದರೂ ಎತ್ತಿಡುತ್ತಾರೆಯೆ! ಅವತ್ತಿನಿಂದ ನಮಾಜಿನ ಕೊನೆಗೆ ಕೈ ಎತ್ತುವಾಗ ಆ ದೇಶದ ತಾಯಂದಿರ ಮಕ್ಕಳು ಚೆನ್ನಾಗಿರಲಿ ಎಂದು ಒಂದು ಮಾತು ಸೇರಿಸತೊಡಗಿದರು. ಹೆಸರು ಗೊತ್ತಿರಲಿಲ್ಲ, ಅಲ್ಲಾಹನಿಗೆ ಗೊತ್ತಿರುತ್ತದಲ್ಲ.

ಒಂಬತ್ತನೇ ವರ್ಷ ಮುನೀಫ್ ಬೆವರು ಒರೆಸಿಕೊಳ್ಳುತ್ತ ಬಂದ. ಆ ಸರ್ಕಾರದವರು ನೋಡಲು ಬರುತ್ತಿದ್ದಾರೆ. ಅಲ್ಲಿ ಹೊಸಬರು ಅಧಿಕಾರಕ್ಕೆ ಬಂದಿದ್ದಾರೆ, ಹೊರಗೆ ಕೊಡುವ ದುಡ್ಡು ಕಡಿಮೆ ಮಾಡಬೇಕು ಅನ್ನುತ್ತಿದ್ದಾರೆ, ಎಲ್ಲಿ ಬೇಕು ಎಲ್ಲಿ ಬೇಡ ಎಂದು ಕಣ್ಣಾರೆ ನೋಡಿ ಬರೆಯುತ್ತಾರಂತೆ.

"ಏನೂ ಮಾಡ್ಬೇಡಿ ಖಾಲಾ. ದಿನಾ ಹೇಗಿರ್ತೀರೋ ಹಾಗೇ ಇರಿ."

"ಏನೂ ಮಾಡ್ಬೇಡಿ ಅಂದ್ರೆ?"

"ಅಂದ್ರೆ... ವಿಶೇಷವಾಗಿ ಏನೂ ಬೇಡ."

"ನಿಮ್ಮಮ್ಮ ನಿನಗೆ ಇದನ್ನೇ ಕಲಿಸಿದ್ಲಾ? ಸಮುದ್ರ ದಾಟಿ ಬರೋರಿಗೆ ಬರೀ ನೀರು ಕೊಟ್ಟು ಕಳಿಸೋದಾ? ಎದ್ದು ಹೋಗು, ಹೋಗು!"

ಊರಿನ ಮುಖ್ಯಸ್ಥ ಶೇಖ್ ಗಾನಿಮ್ ಅವಳ ಕಡೆಗೇ ನಿಂತ. ಎಪ್ಪತ್ತು ದಾಟಿದ ಮನುಷ್ಯ. ಒಗೆದು ಒಗೆದು ತೆಳ್ಳಗಾದ ಲುಂಗಿಯನ್ನೇ ಮಡಿಕೆ ಮಾಡಿ ರಾಜನ ಹಾಗೆ ಉಡುತ್ತಿದ್ದ. ಒಂಬತ್ತು ವರ್ಷ ನಮ್ಮ ಮಕ್ಕಳಿಗೆ ಉಣ್ಣಿಸಿದವರು ಮೊದಲ ಸಲ ಬಾಗಿಲಿಗೆ ಬರುತ್ತಿದ್ದಾರೆ, ಅವರಿಗೆ ಒಂದು ಹೊತ್ತು ಉಣ್ಣಿಸದಿದ್ದರೆ ಮುಖ ಎಲ್ಲಿ ಇಟ್ಟುಕೊಳ್ಳುವುದು ಎಂದ. ಅಷ್ಟೇ ಸಾಕಾಯಿತು. ತಖಿಯ್ಯಾ ಮನೆಮನೆಗೆ ಹೊರಟಳು. ಒಂದು ಮನೆಯಲ್ಲಿ ತಳದಲ್ಲಿದ್ದ ತುಪ್ಪ, ಇನ್ನೊಂದರಲ್ಲಿ ಔಷಧಿಗೆಂದು ಇಟ್ಟಿದ್ದ ಜೇನು, ಮತ್ತೊಂದರಲ್ಲಿ ಬಿತ್ತನೆಗೆ ಇಟ್ಟಿದ್ದ ಜೋಳ. ಯಾರೂ ಇಲ್ಲ ಎನ್ನಲಿಲ್ಲ. ಇಲ್ಲ ಎನ್ನುವುದು ನಮ್ಮವರಿಗೆ ಬರುವುದೇ ಇಲ್ಲ.

ಮಾಂಸ ಮಾತ್ರ ಇರಲಿಲ್ಲ. ಊರಲ್ಲಿ ಉಳಿದಿದ್ದದ್ದು ಒಂದೇ ಒಂದು ಆಡು, ಅದು ರೈಹಾನಾಳದು. ರೈಹಾನಾ ತಖಿಯ್ಯಾಳ ಸತ್ತ ತಂಗಿಯ ಮಗಳು. ಗಂಡ ಸಾಲಿಮ್ ದೂರದಲ್ಲಿ ಉಪ್ಪಿನ ಗದ್ದೆಯ ಕೂಲಿ. ಮಗಳು ವರ್ದಾ, ಹದಿನಾಲ್ಕು ತಿಂಗಳಿನದು, ಹಳದಿಯಲ್ಲಿತ್ತು. ಬೆಳಗ್ಗೆ ಪೊಟ್ಟಣ, ಸಂಜೆ ಆಡಿನ ಹಾಲು ಎಂದು ನಿಧಾನಕ್ಕೆ ಹಸಿರಿನ ಕಡೆ ಹತ್ತುತ್ತಿತ್ತು.

"ಖಾಲಾ, ಮಗೂಗೆ ಹಾಲು?" ಎಂದಳು ರೈಹಾನಾ.

"ಪೊಟ್ಟಣ ಇದೆಯಲ್ಲೇ. ಈ ಜನ ಸಂತೋಷವಾಗಿ ಹೋದ್ರೆ ಆ ಪೊಟ್ಟಣ ನಿಲ್ಲಲ್ಲ. ಆಡು ಆಮೇಲೆ ನಾನು ಕೊಡಿಸ್ತೀನಿ, ಈ ಮುದುಕಿ ಮಾತು ನಂಬು."

ರೈಹಾನಾ ಹಗ್ಗ ಬಿಚ್ಚಿ ಅವಳ ಕೈಗೇ ಕೊಟ್ಟಳು.

ಮುನೀಫ್ ಜೊತೆ ಬಂದವರು ಮೂವರು. ಒಬ್ಬ ಬೋಳುತಲೆಯ ಗಂಡಸು, ನೀಲಿ ತಲೆವಸ್ತ್ರದ ಒಬ್ಬ ಎತ್ತರದ ಹೆಂಗಸು, ಮಾತು ತಿರುಗಿಸಿ ಹೇಳುವುದಕ್ಕೆ ರಾಜಧಾನಿಯ ಒಬ್ಬ. ಕಾರಿನಿಂದ ಇಳಿಯುವ ಮೊದಲೇ ಕೊರಳಿಗೆ ಮಲ್ಲಿಗೆ ಬಿತ್ತು. ಹಗ್ಗದ ಮಂಚಗಳ ಮೇಲೆ ಮದುವೆಗೆ ತೆಗೆದಿಟ್ಟಿದ್ದ ಹಾಸು. ಮಣ್ಣಿನ ಒಲೆಯಲ್ಲಿ ಬೆಂದ ಆಡು, ತುಪ್ಪದಲ್ಲಿ ತೋಯ್ದ ಜೋಳದ ರೊಟ್ಟಿ, ಮೇಲೆ ಜೇನು. ಎಣ್ಣೆ ಹಚ್ಚಿ ತಲೆ ಬಾಚಿದ ಮಕ್ಕಳು ಸಾಲಾಗಿ ನಿಂತಿದ್ದವು. ಎಲ್ಲ ಮಕ್ಕಳೂ ಅಲ್ಲ. ಕೆಂಪಿನ ಮೂರು ಮಕ್ಕಳನ್ನು ತಖಿಯ್ಯಾಳೇ ಹಿಂದಿನ ಗುಡಿಸಲಿನಲ್ಲಿ ತಾಯಂದಿರ ಜೊತೆ ಕೂರಿಸಿ ಚಾಪೆ ಇಳಿಬಿಟ್ಟಿದ್ದಳು. ಸೊರಗಿದ ಮಗುವನ್ನು ಯಾರಾದರೂ ಪರರ ಕಣ್ಣಿಗೆ ಬೀಳಿಸುತ್ತಾರೆಯೆ? ದೃಷ್ಟಿ ತಗುಲಿದರೆ? ಅದೂ ಅಲ್ಲದೆ, ಉಣ್ಣುತ್ತ ಕೂತ ನೆಂಟರ ಮುಂದೆ ಅಂಥ ಮಗುವನ್ನು ತಂದು ನಿಲ್ಲಿಸಿದರೆ ಅವರ ಗಂಟಲಲ್ಲಿ ತುತ್ತು ಇಳಿದೀತೆ?

ಊಟದ ನಡುವೆಯೇ ಆ ಹೆಂಗಸು ಒಂದು ಕಾಗದ ತೆಗೆದು ಮನೆ ಯಜಮಾನರನ್ನು ಒಬ್ಬೊಬ್ಬರನ್ನಾಗಿ ಕೇಳಿದಳು.

"ನಿಮ್ಮ ಮನೆಯಲ್ಲಿ ಊಟಕ್ಕೆ ಸಾಕಾಗುತ್ತಾ?"

"ಅಲ್ಹಮ್ದುಲಿಲ್ಲಾ," ಎಂದ ಶೇಖ್ ಗಾನಿಮ್, ಎದೆಯ ಮೇಲೆ ಕೈ ಇಟ್ಟು. "ದೇವರು ಕೊಟ್ಟಿದ್ದಾನೆ."

"ನಿನ್ನೆ ಎಷ್ಟು ಸಲ ಊಟ ಮಾಡಿದಿರಿ?"

"ದೇವರ ದಯೆ, ಏನೂ ಕಮ್ಮಿ ಇಲ್ಲ. ನೀವು ತಿನ್ನಿ, ತಿನ್ನಿ. ಕೈ ಯಾಕೆ ನಿಂತು ಹೋಯ್ತು?"

ಹದಿನೇಳು ಮನೆ, ಹದಿನೇಳು ಅಲ್ಹಮ್ದುಲಿಲ್ಲಾ. ಅಲ್ಲ, ನೀವೇ ಹೇಳಿ, ನಿಮ್ಮ ಮನೆಯ ಚಾಪೆಯ ಮೇಲೆ ಕೂತು, ನೀವು ಬಡಿಸಿದ್ದನ್ನು ತಿನ್ನುತ್ತಿರುವವರು "ನಿಮಗೆ ಹಸಿವಿದೆಯಾ" ಎಂದು ಕೇಳಿದರೆ ಏನು ಹೇಳುತ್ತೀರಿ? ಹೌದು ಅಂದರೆ ಎದ್ದು ಹೋಗಿ ಅಂದ ಹಾಗೆ. ಮಾತು ತಿರುಗಿಸುವವನಿಗೆ ಇದು ಗೊತ್ತಿರಬೇಕಿತ್ತು. ಅವನೂ ಈ ದೇಶದ ಅನ್ನ ಉಂಡವನೇ. ಆದರೆ ಅವನು ಪದಕ್ಕೆ ಪದ ತಿರುಗಿಸಿದ, ಕೈಗೆ ಅಂಟಿದ ಜೇನು ನೆಕ್ಕುತ್ತ.

ನೆಂಟರು ಹೊರಟಾಗ ಆ ಹೆಂಗಸು ತಖಿಯ್ಯಾಳನ್ನು ತಬ್ಬಿಕೊಂಡಳು. ಇಂಥ ಊರನ್ನು ನಾನು ಎಲ್ಲೂ ನೋಡಿಲ್ಲ ಎಂದಳಂತೆ. ತಖಿಯ್ಯಾ ಅವತ್ತು ಹೆಮ್ಮೆಯಿಂದ ಬೀಗಿದ್ದಳು. ಮೂರು ದಿನ ಯಾರನ್ನೂ ಬೈಯಲಿಲ್ಲ.

ಮೂರು ತಿಂಗಳಿಗೆ ಪೊಟ್ಟಣದ ಲಾರಿ ನಿಂತಿತು. ಒಂದು ವಾರ ಕಾದರು, ಎರಡು ವಾರ ಕಾದರು. ಆಮೇಲೆ ಇಬ್ಬರು ಬಂದು ತಕ್ಕಡಿ ಬಿಚ್ಚಿಕೊಂಡು ಹೋದರು. ತಮಗೇನೂ ಗೊತ್ತಿಲ್ಲ, ಮೇಲಿನ ಆದೇಶ ಎಂದರು. ಕೋಣೆಯಲ್ಲಿ ಉಳಿದದ್ದು ಗೋಡೆಯ ಚಿತ್ರ, ತಖಿಯ್ಯಾಳ ಕೈಯಲ್ಲಿದ್ದ ಪಟ್ಟಿ. ಅವಳು ದಿನಾ ವರ್ದಾಳ ತೋಳಿಗೆ ಅದನ್ನು ಸುತ್ತಿದಳು. ಹಳದಿಯ ನಡು, ಹಳದಿಯ ಅಂಚು, ಒಂದು ದಿನ ಕೆಂಪು.

ಅವತ್ತೇ ರೈಹಾನಾಳನ್ನೂ ಮಗುವನ್ನೂ ಬಾಡಿಗೆ ಮೋಟಾರ್ ಸೈಕಲ್ ಹಿಂದೆ ಕೂರಿಸಿಕೊಂಡು ಜಿಲ್ಲಾ ಪೇಟೆಗೆ ಹೋದಳು. ಅಲ್ಲಿನ ಕೇಂದ್ರದ ಮುಂದೆ ಜಾತ್ರೆ ಜಾತ್ರೆ ಜನ. ಮಧ್ಯಾಹ್ನದ ಹೊತ್ತಿಗೆ ಒಂದು ವಾರದ ಪೊಟ್ಟಣ ಸಿಕ್ಕಿತು. ಮುಂದಿನ ವಾರ ಹೋದಾಗ ಉಗ್ರಾಣದ ಬಾಗಿಲಿಗೆ ಬೀಗ. ಅಂಗಳದಲ್ಲಿ ಮುನೀಫ್ ಸಿಕ್ಕಿದ. ಅವಳನ್ನು ನೋಡಿ ಮರೆಯಾಗಲು ಹೊರಟವನ ಅಂಗಿ ಹಿಡಿದು ನಿಲ್ಲಿಸಿದಳು.

"ಎಲ್ಲಿಗೆ ಓಡ್ತೀಯೋ? ನಮ್ ಕೋಣೆ ಯಾಕೆ ಮುಚ್ಚಿದ್ರಿ? ನಾವೇನ್ ಕದ್ವಾ, ಮಾರ್ಕೊಂಡ್ವಾ?"

"ಅಯ್ಯೋ ಇಲ್ಲ ಖಾಲಾ..."

"ಮತ್ತೆ ಬಾಯ್ ಬಿಡು!"

ಮುನೀಫ್ ಅವಳನ್ನು ನೆರಳಿಗೆ ಕರೆದೊಯ್ದು ಫೋನಿನಲ್ಲಿದ್ದ ವರದಿಯನ್ನು ಓದಿ ಹೇಳಿದ. ದುಡ್ಡು ಅರ್ಧಕ್ಕೆ ಇಳಿದಿದೆ. ಯಾವ ಊರು ಬಿಡಬಹುದು ಎಂದು ಹುಡುಕಿದ್ದಾರೆ. ದೈರ್ ಸುಲಾಮಿಯ ಬಗ್ಗೆ ಬರೆದದ್ದು ನಾಲ್ಕೇ ಸಾಲು. ಭೇಟಿ ಮಾಡಿದ ಹದಿನೇಳು ಮನೆಯವರೂ ಆಹಾರ ಸಾಕಷ್ಟು ಇದೆ ಎಂದು ಸ್ವತಃ ತಿಳಿಸಿದ್ದಾರೆ. ಮಾಂಸ, ತುಪ್ಪ, ಜೇನು ಬಳಕೆಯಲ್ಲಿರುವುದನ್ನು ತಂಡ ಕಂಡಿದೆ. ಮಕ್ಕಳು ಆರೋಗ್ಯವಾಗಿ ಕಾಣುತ್ತಾರೆ. ಈ ಕೇಂದ್ರವನ್ನು ನಿಲ್ಲಿಸಬಹುದು.

ತಖಿಯ್ಯಾ ಹಿಡಿದಿದ್ದ ಅಂಗಿಯನ್ನು ಬಿಟ್ಟಳು. ಮುನೀಫನಿಗೆ ಹೆದರಿಕೆಯಾದದ್ದು ಆಗ.

"ನಮ್ ಮನೆ ಅನ್ನ ಉಂಡು," ಎಂದಳು, "ಕೈ ತೊಳ್ಕೊಂಡು, ಇವರಿಗೆ ಹೊಟ್ಟೆ ತುಂಬಿದೆ ಅಂತ ಬರೆದ್ರಾ? ಆ ಆಡು ಯಾರದ್ದು ಗೊತ್ತೇನೋ? ಈ ಮಗೂದು! ಇದರ ಬಾಯಿಂದ ಕಿತ್ತು ಅವರ ಬಾಯಿಗೆ ಹಾಕಿದೆ ನಾನು. ಅದನ್ನ ತಿಂದು, ಬಳಕೆಯಲ್ಲಿದೆ ಅಂತ ಬರೆದ್ರಾ! ಹೋಗಲಿ, ಅವರು ಪರದೇಶದವರು, ಅವರಿಗೆ ಗೊತ್ತಿಲ್ಲ. ನಿನಗೇನಾಗಿತ್ತು? ಪಕ್ಕದಲ್ಲೇ ಕೂತು ಮೂಳೆ ಚೀಪ್ತಾ ಇದ್ಯಲ್ಲ, ಇದು ಇವರ ದಿನದ ಊಟ ಅಲ್ಲ ಸ್ವಾಮಿ ಅಂತ ಒಂದು ಮಾತು ಆಡೋಕೆ ನಾಲಿಗೆ ಬಿದ್ದುಹೋಗಿತ್ತಾ?"

"ಹೇಳಿದ್ರೆ ನಿಮ್ ಮಾನ ಹೋಗ್ತಿತ್ತಲ್ಲ ಖಾಲಾ," ಎಂದ ಮುನೀಫ್ ಸಣ್ಣ ದನಿಯಲ್ಲಿ.

ಅದೂ ನಿಜವೇ. ಅದಕ್ಕೇ ಅವಳಿಗೆ ಇನ್ನಷ್ಟು ಮೈ ಉರಿಯಿತು. ಅವನನ್ನು ಬೈದಳು, ಬೋಳುತಲೆಯವನನ್ನು ಬೈದಳು, ಪದಕ್ಕೆ ಪದ ತಿರುಗಿಸಿದವನ ಏಳು ತಲೆಮಾರನ್ನು ಬೈದಳು. ಬೈಯುತ್ತ ಬೈಯುತ್ತ ತನ್ನ ಹೆಸರು ಬಂದಾಗ ನಿಲ್ಲಿಸಿದಳು. ಆಡಿನ ಹಗ್ಗ ಹಿಡಿದು ಎಳೆದುಕೊಂಡು ಹೋದವಳು ಅವಳೇ. ಮೂರು ಮಕ್ಕಳ ಮುಂದೆ ಚಾಪೆ ಇಳಿಬಿಟ್ಟವಳೂ ಅವಳೇ.

"ಅವರನ್ನ ಇನ್ನೊಂದು ಸಲ ಕರೆಸು," ಎಂದಳು. "ಕಾಲಿಗೆ ಬೀಳು, ಏನಾದ್ರೂ ಮಾಡು. ಕರೆಸು."

ಮುನೀಫ್ ಹೇಗೆ ಏನು ಬರೆದನೋ, ಐದು ವಾರಕ್ಕೆ ನೀಲಿ ತಲೆವಸ್ತ್ರದ ಹೆಂಗಸು ಒಬ್ಬಳೇ, ಅದೇ ಮಾತು ತಿರುಗಿಸುವವನ ಜೊತೆ, ಅರ್ಧ ದಿನದ ಮಟ್ಟಿಗೆ ಬರಲು ಒಪ್ಪಿದಳು.

ಹಿಂದಿನ ದಿನ ತಖಿಯ್ಯಾ ಊರನ್ನೆಲ್ಲ ಸೇರಿಸಿದಳು. ನಾಳೆ ಚಾಪೆ ಹಾಸಕೂಡದು. ಮಲ್ಲಿಗೆ ಇಲ್ಲ. ಊಟ ಇಲ್ಲ. ಕಾಫಿ ಸಿಪ್ಪೆಯ ಕಷಾಯವೂ ಇಲ್ಲ. ನೀರು ಸಹ ಅವರು ಬಾಯಿಬಿಟ್ಟು ಕೇಳುವ ತನಕ ಕೊಡಕೂಡದು. ಏನು ಕೇಳಿದರೂ ಅಲ್ಹಮ್ದುಲಿಲ್ಲಾ ಅನ್ನದೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು.

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶೇಖ್ ಗಾನಿಮ್ ಎದ್ದು ನಿಂತ. "ತಖಿಯ್ಯಾ, ನನ್ನಪ್ಪ ಬರಗಾಲದ ವರ್ಷದಲ್ಲಿ ಬಾಗಿಲಿಗೆ ಬಂದ ಶತ್ರುವಿಗೂ ರೊಟ್ಟಿ ಕೊಟ್ಟೋನು. ಈ ಕೆಲಸ ಮಾಡಿಸೋದಕ್ಕಿಂತ ನನ್ನನ್ನ ಮೊದಲು ಮಣ್ಣು ಮಾಡಿಬಿಡು."

"ಮಣ್ಣು ಮಾಡೋಕೆ ಸಣ್ಣವು ಸಾಲಾಗಿ ಮಲಗಿವೆ ಶೇಖ್. ನಿಮ್ಮ ಸರದಿ ಆಮೇಲೆ."

ಯಾರೂ ನಗಲಿಲ್ಲ. ಅವಳು ನಗಿಸಲು ಹೇಳಿದ್ದೂ ಅಲ್ಲ.

ಮರುದಿನ ಬಿಸಿಲು ಏರಿದ ಮೇಲೆ ಕಾರು ಬಂತು. ಆ ಹೆಂಗಸು ನಗುತ್ತ ಇಳಿದು ಎರಡು ಕೈ ಚಾಚಿದಳು. ಎದುರಿಗೆ ಯಾರೂ ಬರಲಿಲ್ಲ. ಗಂಡಸರು ಗೋಡೆಯ ನೆರಳಲ್ಲಿ ನೆಲ ನೋಡುತ್ತ ನಿಂತಿದ್ದರು. ಮಂಚಗಳನ್ನು ಒಳಗೆ ಸೇರಿಸಿದ್ದರು. ಅವಳು ಎಲ್ಲಿ ಕೂರಬೇಕೆಂದು ತೋಚದೆ ಕೊನೆಗೆ ಶಾಲೆಯ ಮೆಟ್ಟಿಲ ಮೇಲೆ ಕೂತಳು. ಅದನ್ನು ನೋಡಿ ಒಬ್ಬ ಮುದುಕಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ತಖಿಯ್ಯಾಳ ಬದುಕಿನಲ್ಲೇ ನೆಂಟರನ್ನು ಬರೀ ಮೆಟ್ಟಿಲ ಮೇಲೆ ಕೂರಿಸಿದ್ದು ಅದೇ ಮೊದಲು.

ಹೆಂಗಸು ಏನೋ ಕೇಳಿದಳು. "ಹೋದ ಸಲ ಯಾಕೆ ಹೇಳಲಿಲ್ಲ ಅಂತ ಕೇಳ್ತಿದಾರೆ," ಎಂದ ಮಾತು ತಿರುಗಿಸುವವನು.

"ಹೋದ ಸಲ ಅವರು ನಮ್ಮ ನೆಂಟರು. ಇವತ್ತು ಸರ್ಕಾರ. ಸರ್ಕಾರದ ಹತ್ರ ಹೇಳ್ಬಹುದು. ಇದನ್ನ ಸರಿಯಾಗಿ ತಿರುಗಿಸು, ಜೇನು ಕುಡಿದ ನಾಲಿಗೆಯಲ್ಲಿ!"

ಅವನ ಕಿವಿ ಕೆಂಪಾಯಿತು. ಸರಿಯಾಗಿಯೇ ತಿರುಗಿಸಿದ ಅಂತ ಕಾಣುತ್ತದೆ, ಹೆಂಗಸು ತಲೆ ತಗ್ಗಿಸಿದಳು. ಆಮೇಲೆ ಅದೇ ಕಾಗದ ತೆಗೆದು ಮೊದಲಿನಿಂದ ಶುರು ಮಾಡಿದಳು. ನಿನ್ನೆ ಏನು ಊಟ ಮಾಡಿದಿರಿ?

ಮೊದಲನೆಯವನು ಬಾಯಿ ತೆರೆದ. "ಅಲ್ಹಮ್ದು..." ಎಂದು ಅಲ್ಲಿಗೇ ನಿಲ್ಲಿಸಿದ. ಎರಡನೆಯವನು ತಲೆ ಆಡಿಸಿ ಹಿಂದೆ ಸರಿದ. ಮೂರನೆಯವನೂ ಅಷ್ಟೆ. ತಖಿಯ್ಯಾ ಹಲ್ಲು ಕಚ್ಚಿಕೊಂಡು ನೋಡುತ್ತಿದ್ದಳು. ಅಷ್ಟರಲ್ಲಿ ಶೇಖ್ ಗಾನಿಮ್ ಗುಂಪಿನಿಂದ ಮುಂದೆ ಬಂದ. ಲುಂಗಿ ಸರಿಮಾಡಿಕೊಂಡ.

"ನಿನ್ನೆ ಏನೂ ಇಲ್ಲ," ಎಂದ. "ಮೊನ್ನೆ, ಎಲೆ ಬೇಯಿಸಿದ್ದು. ನನ್ನ ಹೆಂಡತಿ ಉಣ್ಣಲಿಲ್ಲ, ನನಗೆ ಹಾಕಿದ್ಲು. ಬರ್ಕೊಳ್ಳಿ."

ಹೇಳಿದವನು ಅಲ್ಲಿ ನಿಲ್ಲಲಿಲ್ಲ, ನೆಟ್ಟಗೆ ಮನೆಗೆ ನಡೆದ. ಆಮೇಲೆ ಉಳಿದ ಹದಿನಾರು ಮನೆಯವರೂ ಹೇಳಿದರು. ತಖಿಯ್ಯಾ ಗುಡಿಸಲಿನ ಚಾಪೆ ಎತ್ತಿಸಿ ಎಲ್ಲ ಮಕ್ಕಳನ್ನೂ ಹೊರಗೆ ತರಿಸಿದಳು. ಮೊದಲು ಮೂರಿದ್ದ ಕೆಂಪು ಈಗ ಹನ್ನೊಂದು. ವರ್ದಾಳ ಪಾದ ಬಾತುಕೊಂಡಿತ್ತು, ಬೆರಳಲ್ಲಿ ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು. ತಖಿಯ್ಯಾ ತನ್ನ ಪಟ್ಟಿಯನ್ನು ಹೆಂಗಸಿನ ಕೈಗೆ ಕೊಟ್ಟಳು. ನಾನು ಅಳೆದರೆ ನಂಬುತ್ತೀರೋ ಇಲ್ಲವೋ, ನೀವೇ ಅಳೆಯಿರಿ. ಹೆಂಗಸು ಆ ಕಡ್ಡಿಯಂಥ ತೋಳಿಗೆ ಪಟ್ಟಿ ಸುತ್ತಿ ಎಳೆದಳು. ಕೆಂಪು ಮುಗಿಯುತ್ತಲೇ ಇರಲಿಲ್ಲ. ಅವಳ ಕಣ್ಣಿಂದ ನೀರು ಬಳಬಳ ಸುರಿಯಿತು.

ತಖಿಯ್ಯಾಳಿಗೆ ಎಲ್ಲಿತ್ತೋ ಸಿಟ್ಟು.

"ಅಳ್ಬೇಡ ಅಂತ ಹೇಳು ಅವಳಿಗೆ! ಅಳೋಕೆ ನಾವು ಸಾಕಷ್ಟು ಜನ ಇದೀವಿ. ಬರೀ ಅಂತ ಹೇಳು. ಹೋದ ಸಲ ಎಷ್ಟು ಬೇಗ ಬರೆದ್ಲೋ ಅಷ್ಟೇ ಬೇಗ ಬರೀ ಅಂತ ಹೇಳು!"

ಹೆಂಗಸು ಮಕ್ಕಳ ಹೆಸರು ಒಂದೊಂದಾಗಿ ಬರೆದುಕೊಂಡಳು. ಮೊದಲನೆಯದು ವರ್ದಾ ಬಿಂತ್ ಸಾಲಿಮ್, ಸಾಲಿಮನ ಮಗಳು ವರ್ದಾ. ಹೊರಡುವಾಗ ಅವಳ ತುಟಿ ಒಣಗಿ ಬಿರಿದಿತ್ತು. ನೀರು ಕೇಳಲಿಲ್ಲ, ಯಾರೂ ಕೊಡಲಿಲ್ಲ. ನಾಳೆಯೇ ಹೊಸ ವರದಿ ಕಳಿಸುತ್ತೇನೆ, ಆದರೆ ಮೇಲೆ ಮೂರು ಕಡೆ ಒಪ್ಪಿಗೆ ಆಗಬೇಕು ಎಂದಳು. ಕಾರು ಹೋಯಿತು. ಶೇಖ್ ಗಾನಿಮ್ ನಾಲ್ಕು ದಿನ ಮಸೀದಿಗೂ ಬರಲಿಲ್ಲ.

ಮೂರು ಕಡೆ ಒಪ್ಪಿಗೆ! ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಒಂದು ಕಾಗದ ಹೋಗಲು ಎಷ್ಟು ದಿನ ಬೇಕು? ನಿಲ್ಲಿಸುವಾಗ ಎರಡೇ ವಾರದಲ್ಲಿ ತಕ್ಕಡಿ ಬಿಚ್ಚಿಕೊಂಡು ಹೋದವರು ಇವರು. ತಖಿಯ್ಯಾ ಜೋಳದ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ಸಕ್ಕರೆ ಎಲ್ಲಿಂದಲೋ ಬೇಡಿ ತಂದು, ಚಮಚದ ತುದಿಯಲ್ಲಿ ವರ್ದಾಳ ಬಾಯಿಗೆ ಹನಿ ಹನಿ ಬಿಟ್ಟಳು. ಮಗು ಮೊದಮೊದಲು ನುಂಗುತ್ತಿತ್ತು. ಆಮೇಲೆ ಬಾಯಲ್ಲೇ ಇಟ್ಟುಕೊಳ್ಳುತ್ತಿತ್ತು. ಆ ಹೆಂಗಸು ಹೋದ ಮೂವತ್ತೊಂದನೇ ದಿನ ಬೆಳಗ್ಗೆ ತಖಿಯ್ಯಾಳ ತೊಡೆಯ ಮೇಲೆಯೇ ಮಗು ಉಸಿರು ಬಿಟ್ಟಿತು.

ರೈಹಾನಾ ಕಿರುಚಲಿಲ್ಲ. ಮಗುವನ್ನು ತೊಳೆದು ಬಿಳಿ ಬಟ್ಟೆ ಸುತ್ತುವಾಗ ಒಂದೇ ಮಾತು ಆಡಿದಳು. "ಖಾಲಾ, ಆಡು ಇದ್ದಿದ್ರೆ?"

ತಖಿಯ್ಯಾ ಬಿಳಿ ಬಟ್ಟೆಯ ತುದಿಗೆ ಗಂಟು ಹಾಕಿದಳು.

ಲಾರಿ ಬಂದದ್ದು ನಲವತ್ತಮೂರನೇ ದಿನ. ತಕ್ಕಡಿ ಮತ್ತೆ ತೂಗುಬಿತ್ತು, ಪೆಟ್ಟಿಗೆಗಳು ಇಳಿದವು. ಮುನೀಫ್ ಮೇಜು ಹಾಕಿಕೊಂಡು ಕೂತು, ಹೊಸ ನಿಯಮ ಹೇಳಿದ. ದುಡ್ಡು ಕಮ್ಮಿ ಇರುವುದರಿಂದ ಆ ಹೆಂಗಸು ಕಾಗದದಲ್ಲಿ ಹೆಸರು ಬರೆದುಕೊಂಡಿದ್ದ ಹನ್ನೊಂದು ಮಕ್ಕಳಿಗೆ ಮಾತ್ರ. ಹೆಸರು ಕೂಗಬೇಕು, ತಾಯಿ ಮಗುವನ್ನು ಎತ್ತಿಕೊಂಡು ಬರಬೇಕು, ಹೆಬ್ಬೆಟ್ಟು ಒತ್ತಬೇಕು. ಹೊಸ ಹೆಸರು ಮುಂದಿನ ಮೂರು ತಿಂಗಳಿಗೆ.

ಬಾಗಿಲ ಬಳಿ ಬಿಲ್ಕೀಸ್ ನಿಂತಿದ್ದಳು, ಸೊಂಟದ ಮೇಲೆ ಮಗ ನಾಜಿ. ನೀಲಿ ತಲೆವಸ್ತ್ರದವಳು ಬಂದುಹೋದಾಗ ಅವನು ಹಳದಿ. ಕೆಂಪಿಗೆ ಇಳಿದು ಎರಡು ವಾರ.

"ಇವನ ಹೆಸರಿಲ್ಲ ಖಾಲಾ," ಎಂದ ಮುನೀಫ್. "ನನ್ನ ಕೈಯಲ್ಲಿಲ್ಲ. ನಿಜವಾಗ್ಲೂ ಇಲ್ಲ." ಅವನು ಪೆನ್ನು ತೆಗೆದು ಕಾಗದದ ಮೊದಲ ಸಾಲಿನ ಮೇಲೆ ಗೆರೆ ಎಳೆಯಲು ಹೋದ. ಅದು ವರ್ದಾಳ ಹೆಸರೆಂದು ಅವನು ಓದಿ ಹೇಳದೆಯೇ ತಖಿಯ್ಯಾಳಿಗೆ ಗೊತ್ತಿತ್ತು.

ತಖಿಯ್ಯಾ ಕಾಗದದ ಮೇಲೆ ಅಂಗೈ ಊರಿದಳು. "ಗೆರೆ ಹೊಡೀಬೇಡ."

"ಖಾಲಾ, ಮಗು..."

"ಮಗು ಏನು? ನೀನು ನೋಡಿದ್ಯಾ? ಕಾಗದದಲ್ಲಿ ಇದಾಳೆ. ನಮ್ ಹೊಟ್ಟೆ ತುಂಬಿದೆ ಅಂತ ಕಾಗದದಲ್ಲಿ ಇದ್ದಾಗ ಲೋಕವೆಲ್ಲ ನಂಬ್ತು, ಒಬ್ಬನೂ ಬಂದು ಹೊಟ್ಟೆ ಮುಟ್ಟಿ ನೋಡ್ಲಿಲ್ಲ. ಇದನ್ನೂ ನಂಬಲಿ."

ಒಂಬತ್ತು ವರ್ಷದಲ್ಲಿ ಅವಳು ಒಂದು ಪೊಟ್ಟಣವನ್ನೂ ಸುಳ್ಳು ಹೆಸರಿಗೆ ಕೊಟ್ಟವಳಲ್ಲ. ಬಾಗಿಲ ಕಡೆ ತಿರುಗಿ, ಊರಿಗೆಲ್ಲ ಕೇಳುವ ಹಾಗೆ ಕೂಗಿದಳು.

"ವರ್ದಾ ಬಿಂತ್ ಸಾಲಿಮ್!"

ಹೆಂಗಸರು ತಿರುಗಿ ನೋಡಿದರು. ಎಲ್ಲರಿಗಿಂತ ಹಿಂದೆ ರೈಹಾನಾ ನಿಂತಿದ್ದಳು. ಅವಳು ಬಂದದ್ದು ಯಾರಿಗೂ ಗೊತ್ತಿರಲಿಲ್ಲ. ತಖಿಯ್ಯಾಳ ದನಿ ಎರಡನೇ ಸಲ ಒಡೆಯಿತು, ಆದರೂ ಕೂಗಿದಳು. "ವರ್ದಾ ಬಿಂತ್ ಸಾಲಿಮ್!"

ರೈಹಾನಾ ಹೆಂಗಸರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು. ಬಿಲ್ಕೀಸ್ ಹತ್ತಿರ ನಿಂತು, ಏನೂ ಹೇಳದೆ, ನಾಜಿಯನ್ನು ಅವಳ ಸೊಂಟದಿಂದ ತೆಗೆದು ತನ್ನ ಸೊಂಟಕ್ಕೆ ಹಾಕಿಕೊಂಡಳು. ಮೇಜಿನ ಮುಂದೆ ಬಂದು ನಿಂತಳು.

"ಇದಾಳೆ," ಎಂದಳು.

ಮುನೀಫ್ ಮಗುವಿನ ಮುಖ ನೋಡಲಿಲ್ಲ. ಶಾಯಿಯ ಡಬ್ಬಿಯನ್ನು ಅವಳ ಕಡೆಗೆ ತಳ್ಳಿದ.